ಚಿಕನ್ ಡಂಪ್ಲಿಂಗ್ ಸ್ಟ್ಯೂ: ಸ್ಟಾಕ್ ಇಡುವುದರಿಂದ ಮುಚ್ಚಳ ತೆಗೆಯುವವರೆಗೆ

ಚಿಕನ್ ಡಂಪ್ಲಿಂಗ್ ಸ್ಟ್ಯೂ ಚೆನ್ನಾಗಿ ಬರಲಿಲ್ಲ ಎನ್ನುವವರನ್ನು ಕೇಳಿ ನೋಡಿ, ದೂರು ಹೆಚ್ಚಾಗಿ ಡಂಪ್ಲಿಂಗಿನ, ಅಂದರೆ ರಸದಲ್ಲಿ ಹಾಕಿ ಬೇಯಿಸುವ ಹಿಟ್ಟಿನ ತುಂಡುಗಳ ಮೇಲೆಯೇ ಇರುತ್ತದೆ. ಮೇಲೆಲ್ಲ ಹಸಿ ಹಿಟ್ಟು, ನಡುವೆ ಅಂಟು, ಉಳಿದದ್ದು ಕರಗಿ ಸ್ಟ್ಯೂ ಗಂಜಿಯಂತಾಗಿದೆ. ಇವೆಲ್ಲ ನಡೆಯುವುದು ಅಡುಗೆಯ ಕೊನೆಯ 15 ನಿಮಿಷದಲ್ಲಿ. ಡಂಪ್ಲಿಂಗಿನ ಕೆಳಗಿನ ಅರ್ಧ ರಸದಲ್ಲಿ ಬೇಯುತ್ತದೆ, ಮೇಲಿನ ಅರ್ಧ ಹಬೆಯಲ್ಲಿ ಬೇಯುತ್ತದೆ. ಈ ಒಂದು ಮಾತು ನೆನಪಿದ್ದರೆ ಪಾತ್ರೆ ಎಷ್ಟು ಅಗಲ ಬೇಕು, ಸ್ಟ್ಯೂ ಎಷ್ಟು ತೆಳ್ಳಗಿರಬೇಕು, ಉರಿ ಎಷ್ಟಿರಬೇಕು, ಮುಚ್ಚಳ ಏಕೆ ತೆಗೆಯಬಾರದು ಎಂಬುದಕ್ಕೆಲ್ಲ ಉತ್ತರ ತಾನಾಗಿ ಸಿಗುತ್ತದೆ.

ಈ ಅಡುಗೆಯ ತವರು ಅಮೆರಿಕ. ಅಲ್ಲಿ ಎರಡು ಬಗೆಯಲ್ಲಿ ಮಾಡುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಪಟ್ಟಿ ಕತ್ತರಿಸಿ ಹಾಕುವ ರೂಢಿ ಹೆಚ್ಚು. ಇನ್ನೊಂದು, ಸಡಿಲವಾದ ಹಿಟ್ಟನ್ನು ಚಮಚದಿಂದ ಬಿಟ್ಟು ಬ್ರೆಡ್ಡಿನಂತೆ ಉಬ್ಬಿಸುವುದು. ಉಬ್ಬುವ ಬಗೆಗೆ ಬೇಕಿಂಗ್ ಪೌಡರ್ ಬೇಕೇ ಬೇಕು. ಇಲ್ಲಿ ಮೊದಲು ಉಬ್ಬುವ ಡಂಪ್ಲಿಂಗ್, ಕೊನೆಯಲ್ಲಿ ಲಟ್ಟಿಸುವುದರ ಬಗ್ಗೆ ಚಿಕ್ಕದಾಗಿ.

ಬೇಕಾಗುವ ಸಾಮಾನು (5ರಿಂದ 6 ಜನಕ್ಕೆ)

ಇಲ್ಲಿ ಕಪ್ ಎಂದರೆ 240 ಮಿ.ಲೀ., ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15 ಮಿ.ಲೀ. ಸಾಧ್ಯವಿದ್ದರೆ ಮೈದಾವನ್ನು ತೂಗಿಯೇ ತೆಗೆದುಕೊಳ್ಳಿ. ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ 120 ಗ್ರಾಂ ಬರಬೇಕಾದಲ್ಲಿ 150 ಗ್ರಾಂ ಬರುತ್ತದೆ. ಡಂಪ್ಲಿಂಗ್ ಗಟ್ಟಿಯಾಗಲು ಅಷ್ಟೇ ಸಾಕು.

ಸ್ಟಾಕ್‌ಗೆ (ಕೋಳಿ, ಎಲುಬು ಬೇಯಿಸಿ ಸೋಸಿದ ರಸ):
- ಎಲುಬು, ಚರ್ಮ ಸಹಿತ ಕೋಳಿ 1.5 ಕೆ.ಜಿ. (ಕಾಲು, ತೊಡೆ ಹೆಚ್ಚಿದ್ದಷ್ಟು ಒಳ್ಳೆಯದು)
- ತಣ್ಣೀರು ಎರಡೂಕಾಲು ಲೀಟರ್
- ಈರುಳ್ಳಿ 1, ಕ್ಯಾರೆಟ್ 1, ಸೆಲೆರಿ 1 ದಂಟು, ಬೇ ಎಲೆ 2, ಕಾಳುಮೆಣಸು 10

ಸ್ಟ್ಯೂಗೆ:
- ಬೆಣ್ಣೆ 60 ಗ್ರಾಂ, ಮೈದಾ 50 ಗ್ರಾಂ
- ಈರುಳ್ಳಿ 1, ಕ್ಯಾರೆಟ್ 3, ಸೆಲೆರಿ 2 ದಂಟು, ಬೆಳ್ಳುಳ್ಳಿ 4 ಎಸಳು
- ಒಣ ಥೈಮ್ 1 ಟೀ ಚಮಚ
- ಗಟ್ಟಿ ಹಾಲು ಅಥವಾ ಕ್ರೀಮ್ ಅರ್ಧ ಕಪ್
- ಹಸಿ ಬಟಾಣಿ 1 ಕಪ್
- ಉಪ್ಪು, ಮೆಣಸಿನ ಪುಡಿ, ಹೆಚ್ಚಿದ ಪಾರ್ಸ್ಲಿ

ಡಂಪ್ಲಿಂಗ್‌ಗೆ:
- ಮೈದಾ 240 ಗ್ರಾಂ (2 ಕಪ್)
- ಬೇಕಿಂಗ್ ಪೌಡರ್ 1 ಟೇಬಲ್ ಚಮಚ, ತಲೆ ಸಮ ಮಾಡಿ
- ಉಪ್ಪು 1 ಟೀ ಚಮಚ
- ಕರಗಿಸಿ ಉಗುರು ಬೆಚ್ಚಗಾಗುವಷ್ಟು ಆರಿಸಿದ ಬೆಣ್ಣೆ 45 ಗ್ರಾಂ
- ತಣ್ಣನೆಯ ಹಾಲು 180ರಿಂದ 200 ಮಿ.ಲೀ.

ಇಲ್ಲಿ ಮೆಣಸು ಎಂದರೆ ಕಾಳುಮೆಣಸು, ಒಣಮೆಣಸಿನಕಾಯಿಯ ಖಾರದ ಪುಡಿ ಅಲ್ಲ.

ಪಾತ್ರೆಯ ವಿಷಯದಲ್ಲಿ ರಾಜಿ ಬೇಡ. ದಪ್ಪ ತಳದ, ಕನಿಷ್ಠ 26 ಸೆಂ.ಮೀ. ಅಗಲದ, 5ರಿಂದ 6 ಲೀಟರ್ ಹಿಡಿಯುವ ಪಾತ್ರೆ ಬೇಕು. ಕಿರಿದಾದ ಎತ್ತರದ ಪಾತ್ರೆಯಲ್ಲಿ ಡಂಪ್ಲಿಂಗುಗಳು ಒಂದರ ಮೇಲೊಂದು ಏರಿ ಅಂಟಿಕೊಳ್ಳುತ್ತವೆ. ಮುಚ್ಚಳ ಬಿಗಿಯಾಗಿ ಕೂರಬೇಕು. ಸ್ವಲ್ಪ ಗುಮ್ಮಟದಂತಿದ್ದರೆ ಇನ್ನೂ ಒಳ್ಳೆಯದು, ಹನಿಗಟ್ಟಿದ ನೀರು ಅಂಚಿನ ಕಡೆಗೆ ಇಳಿದುಹೋಗುತ್ತದೆ. ಗಾಜಿನ ಮುಚ್ಚಳವಿದ್ದರೆ ತೆಗೆಯದೆಯೇ ಒಳಗೆ ನೋಡಬಹುದು. ಈ ಅಡುಗೆಯಲ್ಲಿ ಅದು ದೊಡ್ಡ ಅನುಕೂಲ.

1. ಸ್ಟಾಕ್ ಇಡುವುದು

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಸಿಡಿಯುವ ಹನಿಗಳ ಜೊತೆ ರೋಗಾಣುಗಳು ಸಿಂಕಿಗೆ, ಪಕ್ಕದ ಪಾತ್ರೆಗಳಿಗೆ ಹರಡುತ್ತವೆ. ಅವುಗಳನ್ನು ಕೊಲ್ಲುವುದು ಬೇಯಿಸುವ ಬಿಸಿ. ಕೋಳಿಯ ಮೇಲಿನ ತೇವವನ್ನು ಪೇಪರಿನಿಂದ ಒತ್ತಿ ತೆಗೆದರೆ ಸಾಕು.

ಕೋಳಿಯನ್ನು ಪಾತ್ರೆಗೆ ಹಾಕಿ ತಣ್ಣೀರು ಸುರಿದು ಮಧ್ಯಮ ಉರಿಯಲ್ಲಿಡಿ. ಕುದಿ ಹತ್ತಿರವಾಗುತ್ತಿದ್ದಂತೆ ಬೂದು ಬಣ್ಣದ ನೊರೆ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು ಚೆಲ್ಲಿ. ಆಮೇಲೆ ಎರಡು ಭಾಗ ಮಾಡಿದ ಈರುಳ್ಳಿ, ಕ್ಯಾರೆಟ್, ಸೆಲೆರಿ, ಬೇ ಎಲೆ, ಕಾಳುಮೆಣಸು ಹಾಕಿ ಉರಿ ತಗ್ಗಿಸಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಅಷ್ಟೇ. ಕೊತಕೊತ ಕುದಿಸಿದರೆ ಕೊಬ್ಬು ನೀರಿನೊಳಗೆ ಬೆರೆತು ಸ್ಟಾಕ್ ಕಲಕಿದಂತಾಗುತ್ತದೆ, ಮಾಂಸವೂ ನಾರಾಗುತ್ತದೆ. ಈಗಲೇ ಉಪ್ಪು ಹಾಕಬೇಡಿ. ಸ್ಟಾಕ್ ಇಂಗಿದಂತೆ ಉಪ್ಪು ಏರುತ್ತದೆ.

ಎದೆ ಮಾಂಸಕ್ಕೂ ಕಾಲಿಗೂ ಒಂದೇ ಸಮಯ ಕೊಡುವುದು ತಪ್ಪು. ಎದೆ ಭಾಗ 25ರಿಂದ 30 ನಿಮಿಷಕ್ಕೆ ಸಿದ್ಧ. ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಹೊರಗೆ ತೆಗೆಯಿರಿ, ಅದಕ್ಕಿಂತ ಹೆಚ್ಚಾದರೆ ಒಣಗಿ ಹಿಟ್ಟುಹಿಟ್ಟಾಗುತ್ತದೆ. ಕಾಲು, ತೊಡೆಯೂ 74 ಡಿಗ್ರಿಗೆ ತಿನ್ನಲು ಸುರಕ್ಷಿತವೇ. ಆದರೆ ಅವುಗಳ ಕೀಲಿನ ಸುತ್ತಲಿನ ಗಟ್ಟಿ ಅಂಗಾಂಶ ಕರಗಿ ಜೆಲಟಿನ್ ಆಗಲು ಇನ್ನೂ ಹೆಚ್ಚು ಬಿಸಿ, ಹೆಚ್ಚು ಹೊತ್ತು ಬೇಕು. ಅವಕ್ಕೆ 40ರಿಂದ 45 ನಿಮಿಷ ಕೊಡಿ. ಸ್ಟ್ಯೂ ತುಟಿಗೆ ತಾಗಿದಾಗ ಸಿಗುವ ಮೆತ್ತನೆಯ ಗಟ್ಟಿತನ ಬರುವುದು ಈ ಜೆಲಟಿನ್‌ನಿಂದ. ಬರೀ ಎಲುಬಿಲ್ಲದ ಎದೆ ಮಾಂಸದಲ್ಲಿ ಮಾಡಿದ ಸ್ಟ್ಯೂ ನೀರುನೀರು ಅನಿಸುವುದೂ ಅದಕ್ಕೇ.

ಮಾಂಸ ಕೈಗೆ ತಾಳುವಷ್ಟು ಆರಿದ ಮೇಲೆ ಎಲುಬಿನಿಂದ ಬಿಡಿಸಿ ದೊಡ್ಡ ತುಂಡುಗಳಾಗಿಯೇ ಇಡಿ. ಸಣ್ಣಗೆ ಎಳೆ ಬಿಡಿಸಿದರೆ ಕೊನೆಗೆ ರಸದಲ್ಲಿ ಕಳೆದುಹೋಗುತ್ತದೆ. ಎಲುಬು, ಚರ್ಮ ಮತ್ತೆ ಪಾತ್ರೆಗೆ ಹಾಕಿ, ಇನ್ನೂ 40 ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಸೋಸಿದಾಗ ಸುಮಾರು 1.8 ಲೀಟರ್ ಸಿಗಬೇಕು. ಕಡಿಮೆಯಿದ್ದರೆ ನೀರು ಬೆರೆಸಿ. ಮೇಲೆ ತೇಲುವ ಕೊಬ್ಬನ್ನು ಚೆಲ್ಲಬೇಡಿ. ಎರಡು ಟೇಬಲ್ ಚಮಚದಷ್ಟನ್ನು ಎತ್ತಿಟ್ಟು ಮುಂದೆ ಅರ್ಧ ಬೆಣ್ಣೆಯ ಬದಲು ಬಳಸಿದರೆ ಕೋಳಿಯ ಸ್ವಾದ ಇಮ್ಮಡಿಯಾಗುತ್ತದೆ.

ಸಮಯವಿಲ್ಲದಿದ್ದರೆ ಪ್ರೆಶರ್ ಕುಕ್ಕರ್ ಬಳಸಬಹುದು. ಒತ್ತಡ ತುಂಬಿದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಇಟ್ಟು, ಒತ್ತಡ ತಾನಾಗಿ ಇಳಿಯಲು ಬಿಡಿ. ಆದರೆ ಅದು ಸ್ಟಾಕ್‌ಗೆ ಮಾತ್ರ. ಹಿಟ್ಟು ಬೆರೆತ ಮಂದ ಸ್ಟ್ಯೂವನ್ನು ಒತ್ತಡದಲ್ಲಿಟ್ಟರೆ ತಳ ಹತ್ತುತ್ತದೆ, ಉಕ್ಕಿದ ಹಿಟ್ಟು ಹಬೆಯ ದಾರಿಯನ್ನು ಮುಚ್ಚಿಬಿಡುವ ಅಪಾಯವೂ ಇದೆ. ಡಂಪ್ಲಿಂಗ್ ಹಾಕಿದ ಪಾತ್ರೆ ಎಂದೂ ಒತ್ತಡಕ್ಕೆ ಹೋಗಬಾರದು. ಅಂಗಡಿಯ ಸ್ಟಾಕ್ ತಂದರೆ ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ರುಚಿ ನೋಡಿಯೇ ಮುಂದುವರಿಯಿರಿ.

2. ಸ್ಟ್ಯೂ ಕಟ್ಟುವುದು

ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲೆರಿ ಹಾಕಿ 6ರಿಂದ 8 ನಿಮಿಷ ಬಾಡಿಸಿ. ಬಣ್ಣ ತಿರುಗಬಾರದು, ಪಾರದರ್ಶಕವಾದರೆ ಸಾಕು. ಜಜ್ಜಿದ ಬೆಳ್ಳುಳ್ಳಿ, ಥೈಮ್ ಹಾಕಿ ಅರ್ಧ ನಿಮಿಷ ಕೈಯಾಡಿಸಿ ಮೈದಾ ಉದುರಿಸಿ. ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದರೆ ಹಸಿ ವಾಸನೆ ಹೋಗುತ್ತದೆ. ಕೆಂಪಗೆ ಹುರಿಯಬೇಡಿ, ಹೆಚ್ಚು ಹುರಿದ ಹಿಟ್ಟಿಗೆ ರಸವನ್ನು ಮಂದ ಮಾಡುವ ಶಕ್ತಿ ಕುಂದುತ್ತದೆ.

ಈಗ ಒಂದು ಸೌಟು ಸ್ಟಾಕ್ ಹಾಕಿ ಗಂಟಿಲ್ಲದಂತೆ ತಿರುವಿ. ಮುದ್ದೆಯಂತಾದದ್ದು ನುಣುಪಾದ ಮೇಲೆ ಇನ್ನೊಂದು ಸೌಟು. ಹೀಗೆ ಮೂರು ನಾಲ್ಕು ಸಲ ಆದಮೇಲೆ ಉಳಿದದ್ದನ್ನು ಧೈರ್ಯವಾಗಿ ಸುರಿಯಬಹುದು. ಆದರೆ ಒಂದು ಕಪ್ ಸ್ಟಾಕ್ ಮಾತ್ರ ಕೈಯಲ್ಲಿ ಉಳಿಸಿಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಅರ್ಧ ಇಂಚು ದಪ್ಪದ ಕ್ಯಾರೆಟ್ ಹೋಳು ಹಾಕಿ 10 ನಿಮಿಷ ಬೇಯಿಸಿ. ಡಂಪ್ಲಿಂಗ್ ಬೇಯುವಾಗ ಅದು ಇನ್ನೂ 15 ನಿಮಿಷ ಬೇಯುವುದಿದೆ, ಹಾಗಾಗಿ ಈಗ ಮುಕ್ಕಾಲು ಬೆಂದರೆ ಸರಿ. ಹಾಲು ಅಥವಾ ಕ್ರೀಮ್, ಬಿಡಿಸಿದ ಮಾಂಸ ಸೇರಿಸಿ. ಹಸಿ ಬಟಾಣಿ ಗಟ್ಟಿಯಾಗಿದ್ದರೆ ಈಗಲೇ ಹಾಕಿ. ಫ್ರೋಜನ್ ಬಟಾಣಿಯಾದರೆ ಡಂಪ್ಲಿಂಗ್ ಬಿಡುವುದಕ್ಕೆ ಒಂದು ನಿಮಿಷ ಮೊದಲು ಹಾಕಿದರೂ ಬೇಯುತ್ತದೆ. ಉಪ್ಪು ಎರಡು ಟೀ ಚಮಚದಿಂದ ಶುರುಮಾಡಿ ರುಚಿ ನೋಡುತ್ತಾ ಹೋಗಿ, ಮೆಣಸಿನ ಪುಡಿ ಧಾರಾಳವಾಗಿ ಹಾಕಿ.

ಇಲ್ಲಿ ಸ್ಟ್ಯೂ ನೋಡಿದರೆ ತೆಳ್ಳಗಾಯಿತೇನೋ ಅನಿಸುತ್ತದೆ. ಹಾಗೆಯೇ ಇರಬೇಕು. ಸೌಟಿನ ಬೆನ್ನಿಗೆ ತೆಳುವಾದ ಪೊರೆ ಹಿಡಿದರೆ ಹದ ಸರಿ. ಡಂಪ್ಲಿಂಗುಗಳು ರಸ ಕುಡಿಯುತ್ತವೆ, ಮೈಮೇಲಿನ ಹಿಟ್ಟನ್ನು ರಸಕ್ಕೆ ಬಿಡುತ್ತವೆ, ಎರಡೂ ಸೇರಿ ಸ್ಟ್ಯೂ ಮಂದವಾಗುತ್ತದೆ. ಈಗಲೇ ಗಟ್ಟಿಯಾಗಿದ್ದರೆ ಮುಚ್ಚಿಟ್ಟ 15 ನಿಮಿಷದಲ್ಲಿ ತಳ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಕೈಯಾಡಿಸಲೂ ಆಗುವುದಿಲ್ಲ. ಹಬೆ ಏಳುವುದಕ್ಕೂ ನೀರಿನಂಶ ಬೇಕಲ್ಲ!

3. ಹಿಟ್ಟು ಕಲಸುವುದು

ಇದನ್ನು ಸ್ಟ್ಯೂ ಸಿದ್ಧವಾಗಿ ಕುದಿಯುತ್ತಿರುವಾಗಲೇ ಮಾಡಬೇಕು, ಮುಂಚೆ ಕಲಸಿಡುವಂತಿಲ್ಲ. ಬೇಕಿಂಗ್ ಪೌಡರಿಗೆ ತೇವ ತಾಗಿದ ಕೂಡಲೇ ಗಾಳಿಗುಳ್ಳೆ ಏಳಲು ತೊಡಗುತ್ತವೆ. ಈಗ ಸಿಗುವ ಬಹುಪಾಲು ಪೌಡರುಗಳು ಎರಡು ಹಂತದಲ್ಲಿ ಕೆಲಸ ಮಾಡುತ್ತವೆ, ಒಮ್ಮೆ ತೇವ ತಾಗಿದಾಗ, ಇನ್ನೊಮ್ಮೆ ಬಿಸಿ ತಾಗಿದಾಗ. ಅರ್ಧ ಗಂಟೆ ಕಾಯಿಸಿದರೆ ಮೊದಲ ಹಂತದ ಗುಳ್ಳೆಗಳು ವ್ಯರ್ಥ.

ಪೌಡರ್ ಡಬ್ಬಿ ತೆರೆದು ತುಂಬ ದಿನವಾಗಿದ್ದರೆ ಪರೀಕ್ಷಿಸಿ ನೋಡಿ. ಬಿಸಿನೀರಿಗೆ ಅರ್ಧ ಟೀ ಚಮಚ ಹಾಕಿದಾಗ ಜೋರಾಗಿ ನೊರೆಗಟ್ಟಬೇಕು. ಸುಮ್ಮನೆ ಒಂದೆರಡು ಗುಳ್ಳೆ ಬಂದರೆ ಅದನ್ನು ಎಸೆಯಿರಿ.

ಮೈದಾ, ಬೇಕಿಂಗ್ ಪೌಡರ್, ಉಪ್ಪು ಮೂರನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ತಣ್ಣನೆಯ ಹಾಲಿಗೆ ಕರಗಿದ ಬೆಣ್ಣೆ ಸುರಿದು ಕಲಕಿ. ಬೆಣ್ಣೆ ಸಣ್ಣ ಸಣ್ಣ ಕಣವಾಗಿ ಹೆಪ್ಪುಗಟ್ಟಿ ಹಾಲು ಒಡೆದಂತೆ ಕಾಣುತ್ತದೆ. ಗಾಬರಿ ಬೇಡ, ಆ ಕಣಗಳೇ ಹಿಟ್ಟಿನ ನಡುವೆ ಕರಗಿ ಡಂಪ್ಲಿಂಗನ್ನು ಮೃದುವಾಗಿಸುತ್ತವೆ. ಇದನ್ನು ಮೈದಾಕ್ಕೆ ಸುರಿದು ಫೋರ್ಕಿನಿಂದ ಹದಿನೈದಿಪ್ಪತ್ತು ಸಲ ತಿರುವಿ. ಒಣ ಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. ಅಲ್ಲಲ್ಲಿ ಗಂಟು ಉಳಿದಿದ್ದರೂ ನಡೆಯುತ್ತದೆ. ನುಣ್ಣಗಾಗಲಿ ಎಂದು ಕಲಸುತ್ತಾ ಕೂತರೆ ಮೈದಾದ ಗ್ಲುಟನ್ (ಹಿಟ್ಟಿಗೆ ಜಿಗಿ ಕೊಡುವ ಪ್ರೋಟೀನ್) ಎಳೆಗಟ್ಟಿ ಡಂಪ್ಲಿಂಗ್ ರಬ್ಬರಿನಂತಾಗುತ್ತದೆ.

ಹಾಲನ್ನು ಒಮ್ಮೆಲೇ ಪೂರ್ತಿ ಹಾಕಬೇಡಿ. 180 ಮಿ.ಲೀ. ಹಾಕಿ ನೋಡಿ. ಚಮಚದಲ್ಲಿ ಎತ್ತಿ ವಾಲಿಸಿದಾಗ ಹಿಟ್ಟು ಹರಿಯಬಾರದು, ಒಂದು ಕ್ಷಣ ಅಂಟಿಕೊಂಡಿದ್ದು ತೊಪ್ಪನೆ ಬೀಳಬೇಕು. ಹರಿದರೆ ಒಂದೆರಡು ಚಮಚ ಮೈದಾ ಉದುರಿಸಿ, ಬೀಳದೆ ಚಮಚಕ್ಕೇ ಕಚ್ಚಿಕೊಂಡರೆ ಉಳಿದ ಹಾಲು ಹಾಕಿ. ಹಾಲಿನ ಬದಲು ಮಂದ ಮಜ್ಜಿಗೆಯನ್ನೂ ಬಳಸಬಹುದು. ಆಗ ಹುಳಿಯನ್ನು ಸರಿದೂಗಿಸಲು ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸಿ, ಬೇಕಿಂಗ್ ಪೌಡರನ್ನು ಒಂದು ಟೀ ಚಮಚ ಕಡಿಮೆ ಮಾಡಿ. ಮಜ್ಜಿಗೆಯ ಡಂಪ್ಲಿಂಗ್ ಇನ್ನೂ ಹಗುರ.

4. ಆ ಹದಿನೈದು ನಿಮಿಷ

ಹಿಟ್ಟು ಬಿಡುವ ಮೊದಲು ಸ್ಟ್ಯೂ ಪಾತ್ರೆಯ ಉದ್ದಗಲಕ್ಕೂ ಕುದಿಯುತ್ತಿರಬೇಕು. ಬೆಚ್ಚಗಿನ ರಸಕ್ಕೆ ಬಿದ್ದ ಹಿಟ್ಟಿನ ಮೈ ಗಟ್ಟಿಯಾಗುವ ಮೊದಲೇ ಕರಗತೊಡಗುತ್ತದೆ. ಬಿಸಿ ರಸ ತಾಗಿದರೆ ಹೊರಪದರ ತಕ್ಷಣ ಬೆಂದು ಒಳಗಿನದನ್ನು ಹಿಡಿದಿಡುತ್ತದೆ.

ಟೇಬಲ್ ಚಮಚವನ್ನು ಕುದಿಯುವ ರಸದಲ್ಲಿ ಅದ್ದಿ, ಅದರಲ್ಲಿ ತುಂಬಿದಷ್ಟು ಹಿಟ್ಟು ಎತ್ತಿ ಮೆಲ್ಲಗೆ ಜಾರಿಸಿ. ಪ್ರತಿ ಸಲವೂ ಚಮಚ ಅದ್ದಿದರೆ ಹಿಟ್ಟು ಅಂಟುವುದಿಲ್ಲ. ಒಂದೊಂದೂ ಚಿಕ್ಕ ನಿಂಬೆಹಣ್ಣಿನ ಗಾತ್ರ, 35ರಿಂದ 40 ಗ್ರಾಂ. ಈ ಅಳತೆಗೆ 12ರಿಂದ 14 ಆಗುತ್ತವೆ. ಮಾಂಸದ ತುಂಡು, ಕ್ಯಾರೆಟ್ ಎದ್ದು ಕಾಣುವ ಕಡೆ ಬಿಟ್ಟರೆ ಅವುಗಳ ಮೇಲೆ ಕೂತು ಪೂರ್ತಿ ಮುಳುಗದೆ ಇರುತ್ತವೆ. ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ, ಬೆಂದಾಗ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತವೆ. ಮುಚ್ಚಳಕ್ಕೂ ಅವಕ್ಕೂ ನಡುವೆಯೂ 5 ಸೆಂ.ಮೀ. ಅಂತರ ಇರಲಿ. ಉಬ್ಬಿ ಮುಚ್ಚಳಕ್ಕೆ ಅಂಟಿದವು ತೆಗೆಯುವಾಗ ಕಿತ್ತುಬರುತ್ತವೆ.

ಎಲ್ಲವನ್ನೂ ಎರಡು ನಿಮಿಷದೊಳಗೆ ಬಿಟ್ಟು ಮುಗಿಸಿ, ಮುಚ್ಚಳ ಹಾಕಿ, ಅರ್ಧ ನಿಮಿಷದ ಮೇಲೆ ಉರಿ ಸಣ್ಣಗೆ ಮಾಡಿ. ಗಡಿಯಾರ ನೋಡಿ 15 ನಿಮಿಷ. ಈ ನಡುವೆ ತೆರೆಯುವುದೂ ಇಲ್ಲ, ತಿರುವುವುದೂ ಇಲ್ಲ. ಮುಚ್ಚಳ ಎತ್ತಿದೊಡನೆ ಹಬೆಯೆಲ್ಲ ಹೊರಗೆ ಹೋಗಿ ಒಳಗಿನ ಬಿಸಿ ಇಳಿಯುತ್ತದೆ. ರಸದಲ್ಲಿರುವ ಅರ್ಧ ಬೇಯುತ್ತಲೇ ಇರುತ್ತದೆ, ಹಬೆಯನ್ನು ನಂಬಿದ ಅರ್ಧ ಮಾತ್ರ ಹಿಂದೆ ಬೀಳುತ್ತದೆ. ಉಬ್ಬುತ್ತಿದ್ದ ಹಿಟ್ಟು ಗಟ್ಟಿಗೊಳ್ಳುವ ಮೊದಲೇ ತಣ್ಣಗಾದರೆ ಕುಸಿಯುತ್ತದೆ, ಕುಸಿದದ್ದು ಮತ್ತೆ ಏಳುವುದಿಲ್ಲ.

ಒಳಗಿನ ಸ್ಥಿತಿ ಕಿವಿಗೆ ಗೊತ್ತಾಗುತ್ತದೆ. ಮೆಲ್ಲನೆಯ ಲಬಲಬ ಸದ್ದು ಕೇಳುತ್ತಿದ್ದರೆ ಸರಿ. ಮುಚ್ಚಳ ಕುಣಿಯುತ್ತಿದ್ದರೆ ಉರಿ ಜಾಸ್ತಿ, ಡಂಪ್ಲಿಂಗ್ ಒಂದಕ್ಕೊಂದು ಗುದ್ದಿ ಚೂರಾಗುತ್ತವೆ. ಸದ್ದೇ ಇಲ್ಲದಿದ್ದರೆ ಉರಿ ಒಂದಿಷ್ಟು ಏರಿಸಿ. ಒಲೆಯ ಉರಿ ಒಂದೇ ಕಡೆ ಬೀಳುತ್ತಿದ್ದರೆ ಮುಚ್ಚಿದ ಪಾತ್ರೆಯನ್ನೇ ನಡುವೆ ಒಮ್ಮೆ ಅರ್ಧ ಸುತ್ತು ತಿರುಗಿಸಿ.

15 ನಿಮಿಷವಾದ ಮೇಲೆ ದೊಡ್ಡದೊಂದಕ್ಕೆ ನಡುವೆ ಕಡ್ಡಿ ಚುಚ್ಚಿ. ಒಣಗಿ ಹೊರಬರಬೇಕು. ನಂಬಿಕೆ ಬರದಿದ್ದರೆ ಒಂದನ್ನು ಮುರಿದೇ ನೋಡಿ, ಅಂಚಿನಿಂದ ನಡುವಿನವರೆಗೂ ಬ್ರೆಡ್ಡಿನ ಹಾಗೆ ಸೂಕ್ಷ್ಮ ರಂಧ್ರಗಳಿರಬೇಕು. ನಡುವೆ ಮಿರುಗುವ ಅಂಟು ಗೆರೆ ಕಂಡರೆ ಮುಚ್ಚಿ ಇನ್ನೂ 3 ನಿಮಿಷ ಇಡಿ. ಆಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು 5 ನಿಮಿಷ ಬಿಡಿ. ಸ್ಟ್ಯೂ ನಿಜವಾದ ಹದಕ್ಕೆ ಬರುವುದು ಈ ಹೊತ್ತಿನಲ್ಲಿ. ಎತ್ತಿಟ್ಟ ಒಂದು ಕಪ್ ಸ್ಟಾಕ್ ಈಗ ಉಪಯೋಗಕ್ಕೆ ಬರುತ್ತದೆ. ಬಿಸಿ ಮಾಡಿ, ಬೇಕಾದಷ್ಟನ್ನು ಅಂಚಿನಿಂದ ಸುರಿದು ಸಡಿಲಿಸಿ. ಪಾರ್ಸ್ಲಿ ಉದುರಿಸಿ ಬಡಿಸಿ.

ಕೆಟ್ಟಾಗ ಏನು ನೋಡಬೇಕು

ಡಂಪ್ಲಿಂಗ್ ಕರಗಿಹೋಯಿತೇ? ಹಿಟ್ಟು ನೀರಾಗಿತ್ತು, ಇಲ್ಲವೇ ರಸ ಕುದಿಯುತ್ತಿರಲಿಲ್ಲ, ಇಲ್ಲವೇ ಮುಚ್ಚಿದ ಮೇಲೂ ಉರಿ ಜೋರಾಗಿಯೇ ಇತ್ತು. ಉಳಿದ ಹಿಟ್ಟಿದ್ದರೆ ಮೊದಲು ಒಂದೇ ಒಂದನ್ನು ಬಿಟ್ಟು ನೋಡಿ, ಒಡೆಯದಿದ್ದರೆ ಮುಂದುವರಿಯಿರಿ.

ಕಲ್ಲಿನಂತಾದರೆ ಪೌಡರ್ ಹಳತಾಗಿದೆ, ಅಥವಾ ಹೆಚ್ಚು ಕಲಸಿದ್ದೀರಿ, ಅಥವಾ ಮೈದಾ ಅಳತೆ ಮೀರಿದೆ. ಹೊರಗೆ ಬೆಂದು ನಡುವೆ ಹಸಿಯಾಗಿದ್ದರೆ ಗಾತ್ರ ದೊಡ್ಡದಾಯಿತು. ಸಾಬೂನಿನಂಥ ಕಹಿ ಬಂದರೆ ಸೋಡಾ ಅಥವಾ ಪೌಡರ್ ಹೆಚ್ಚಾಗಿದೆ. ಮೇಲ್ಮೈ ಮಾತ್ರ ಒದ್ದೆ ಜಿಗುಟಾಗಿದ್ದರೆ ಮುಚ್ಚಳದ ಹನಿ ಬಿದ್ದಿದೆ. ಮುಂದಿನ ಸಲ ಮುಚ್ಚಳಕ್ಕೆ ಒಳಗಿನಿಂದ ಒಣ ಬಟ್ಟೆ ಹೊದಿಸಿ, ತುದಿಗಳನ್ನು ಮೇಲೆ ಎತ್ತಿ ಬಿಗಿಯಾಗಿ ಗಂಟು ಹಾಕಿ. ತುದಿ ಇಳಿಬಿದ್ದರೆ ಬೆಂಕಿ ಹತ್ತುತ್ತದೆ, ಎಚ್ಚರ.

ತಳ ಹತ್ತಿದ ವಾಸನೆ ಬಂದರೆ ಕೆರೆಯಬೇಡಿ. ಮೇಲಿನದನ್ನಷ್ಟೇ ಮೆಲ್ಲಗೆ ಬೇರೆ ಪಾತ್ರೆಗೆ ವರ್ಗಾಯಿಸಿದರೆ ಬಹುತೇಕ ಉಳಿಸಿಕೊಳ್ಳಬಹುದು. ಕೆರೆದರೆ ಸೀದ ರುಚಿ ಇಡೀ ಸ್ಟ್ಯೂಗೆ ಹರಡುತ್ತದೆ.

ಲಟ್ಟಿಸುವ ಬಗೆ

240 ಗ್ರಾಂ ಮೈದಾ, 1 ಟೀ ಚಮಚ ಉಪ್ಪು, 45 ಗ್ರಾಂ ಬೆಣ್ಣೆ ಅಥವಾ ಕೋಳಿಯ ಕೊಬ್ಬು ಚೆನ್ನಾಗಿ ಉಜ್ಜಿ ಬೆರೆಸಿ, 110ರಿಂದ 130 ಮಿ.ಲೀ. ಬೆಚ್ಚಗಿನ ಸ್ಟಾಕ್ ಹಾಕುತ್ತಾ ಗಟ್ಟಿಯಾಗಿ ಕಲಸಿ. ಬೇಕಿಂಗ್ ಪೌಡರ್ ಬೇಡ. ಅರ್ಧ ಗಂಟೆ ಮುಚ್ಚಿಟ್ಟರೆ ಗ್ಲುಟನ್ ಸಡಿಲಗೊಂಡು ಲಟ್ಟಿಸುವಾಗ ಹಿಟ್ಟು ಹಿಂದಕ್ಕೆ ಎಳೆಯುವುದಿಲ್ಲ. 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, 2.5 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸಿ, ಮೈದಾ ಉದುರಿಸಿಡಿ. ಇವಕ್ಕೆ ನಿಯಮವೇ ತಿರುಗುಮುರುಗು. ಪಾತ್ರೆ ತೆರೆದೇ ಇರುತ್ತದೆ, ರಸ ಕುದಿಯುತ್ತಿರುತ್ತದೆ, ನಾಲ್ಕೈದಾಗಿ ಹಾಕುತ್ತಾ ಮೆಲ್ಲಗೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಅಂಟಿ ಮುದ್ದೆಯಾಗುತ್ತವೆ. 12ರಿಂದ 15 ನಿಮಿಷ ಸಾಕು. ಮೈಮೇಲಿನ ಮೈದಾವೇ ರಸವನ್ನು ಮಂದ ಮಾಡುವುದರಿಂದ ಸ್ಟ್ಯೂಗೆ ಹುರಿದ ಮೈದಾ ಅರ್ಧದಷ್ಟು ಸಾಕು. ಅಗಿಯಲು ಸಿಗುವ ತುಸು ಬಿಗಿ ಇಷ್ಟವಿದ್ದವರಿಗೆ ಇದೇ ಹೆಚ್ಚು ಹಿಡಿಸುತ್ತದೆ.

ಉಳಿದರೆ

ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ದೊಡ್ಡ ಪಾತ್ರೆಯಲ್ಲೇ ಇಟ್ಟರೆ ನಡುಭಾಗ ತಣ್ಣಗಾಗಲು ತಡವಾಗುತ್ತದೆ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ. 3ರಿಂದ 4 ದಿನ ಇರುತ್ತದೆ. ಡಂಪ್ಲಿಂಗುಗಳನ್ನು ಬೇರೆ ಡಬ್ಬಿಯಲ್ಲಿಡಿ. ರಸದಲ್ಲೇ ಬಿಟ್ಟರೆ ಮಾರನೆಯ ದಿನಕ್ಕೆ ರಸವನ್ನೆಲ್ಲ ಹೀರಿ ನೆನೆದ ಬ್ರೆಡ್ಡಾಗಿರುತ್ತವೆ. ಮುಂದಿನ ವಾರಕ್ಕೆ ಎಂದು ಮಾಡುವುದಾದರೆ ಸ್ಟ್ಯೂ ಮಾತ್ರ ಫ್ರೀಜರಿನಲ್ಲಿಟ್ಟು, ಬೇಕಾದ ದಿನ ಹಿಟ್ಟು ಕಲಸಿ. ಅದಕ್ಕೆ ಹಾಲು, ಕ್ರೀಮ್ ಹಾಕದೆ ಇಟ್ಟರೆ ಒಡೆಯುವ ಭಯವಿಲ್ಲ, ಬಿಸಿ ಮಾಡುವಾಗ ಸೇರಿಸಿ. ಬಿಸಿ ಮಾಡುವಾಗ ಮೊದಲು ಸ್ವಲ್ಪ ನೀರು ಅಥವಾ ಸ್ಟಾಕ್ ಬೆರೆಸಿದ ಸ್ಟ್ಯೂವನ್ನು ಚೆನ್ನಾಗಿ ಕುದಿಸಿ, ಆಮೇಲೆ ಡಂಪ್ಲಿಂಗುಗಳನ್ನು ಮೇಲೆ ಇಟ್ಟು 5 ನಿಮಿಷ ಮುಚ್ಚಿ. ಹಬೆ ತಾಗಿ ಮತ್ತೆ ಮೆತ್ತಗಾಗುತ್ತವೆ.